‘ಆಗಬಹುದು’ ಎಂದವರ ಷರತ್ತುಗಳನ್ನು ನಾನು ಬರೆದುಕೊಂಡಿರಲಿಲ್ಲ

ಅಮೆರಿಕದ ಒಂದು ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ ಶಾಲೆಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಬಿಇಒ ಕಚೇರಿಗೆ ಚುನಾಯಿತ ಮಂಡಳಿಯನ್ನೂ ಸ್ವಂತ ಬಜೆಟ್ಟನ್ನೂ ಕೊಟ್ಟರೆ ಹೇಗಿರುತ್ತದೋ, ಸ್ಕೂಲ್ ಡಿಸ್ಟ್ರಿಕ್ಟ್ ಹೆಚ್ಚುಕಡಿಮೆ ಹಾಗಿರುತ್ತದೆ. ಚಳಿಗಾಲ ಬಂತೆಂದರೆ ನನ್ನ ಮೇಜಿನ ತುಂಬ ‘ಇ-ರೇಟ್’ ಯೋಜನೆಯ ಅರ್ಜಿಗಳೇ. ಶಾಲೆಗಳ ಮತ್ತು ಗ್ರಂಥಾಲಯಗಳ ಇಂಟರ್ನೆಟ್ ವೆಚ್ಚದಲ್ಲಿ ಶೇ 20ರಿಂದ ಶೇ 90ರವರೆಗೆ ರಿಯಾಯಿತಿ ಕೊಡುವ ಯೋಜನೆ ಇದು. ಬಡ ಕುಟುಂಬಗಳ ಮಕ್ಕಳು ಎಷ್ಟು ಹೆಚ್ಚಿದ್ದಾರೋ ರಿಯಾಯಿತಿಯೂ ಅಷ್ಟು ಹೆಚ್ಚು.

ಇದರ ಮೂಲ 1996ರ ದೂರಸಂಪರ್ಕ ಕಾಯ್ದೆಯಲ್ಲಿದೆ. ಮೇನ್ ರಾಜ್ಯದ ರಿಪಬ್ಲಿಕನ್ ಸೆನೆಟರ್ ಒಲಿಂಪಿಯಾ ಸ್ನೋ ಮತ್ತು ವೆಸ್ಟ್ ವರ್ಜೀನಿಯಾದ ಡೆಮಾಕ್ರಟಿಕ್ ಸೆನೆಟರ್ ಜೇ ರಾಕ್‌ಫೆಲರ್ ಮುಂದೆ ನಿಂತು ಆ ಕಾಯ್ದೆಗೆ ಸೇರಿಸಿದ ತಿದ್ದುಪಡಿಯಿಂದ ಇದು ಹುಟ್ಟಿತು. ಇಬ್ಬರ ಪಕ್ಷ ಬೇರೆಯಾದರೂ ಇಬ್ಬರ ರಾಜ್ಯಗಳಲ್ಲೂ ಗುಡ್ಡಗಾಡಿನ, ದೂರದೂರದ ಹಳ್ಳಿಶಾಲೆಗಳಿದ್ದವು. ಎರಡು ಪಕ್ಷಗಳ ಒಮ್ಮತವೆಂದರೆ ತತ್ತ್ವಗಳ ಬೆಸುಗೆ ಎಂದು ನಾನು ತಿಳಿದಿದ್ದೆ. ಇಲ್ಲಿ ಅವರನ್ನು ಹತ್ತಿರ ತಂದದ್ದು ಒಂದೇ ಬಗೆಯ ಕೊರತೆ ಎಂದು ಈಗ ಅನ್ನಿಸುತ್ತದೆ.

ಕೆಲವು ವರ್ಷಗಳ ಹಿಂದೆ, ಶಾಲೆಗಳ ಹಳೆಯ ವೈ-ಫೈ ಉಪಕರಣಗಳನ್ನು ಬದಲಾಯಿಸುವ ಪ್ರಸ್ತಾವವನ್ನು ನಾನು ಸಿದ್ಧಪಡಿಸಿದೆ. ಬೋಧನಾ ವಿಭಾಗದವರಿಗೆ ಅದು ತುರ್ತಾಗಿ ಬೇಕಿತ್ತು. ಹಣಕಾಸು ವಿಭಾಗದವರಿಗೆ ರಿಯಾಯಿತಿ ಕಳೆದು ನಾವೇ ಭರಿಸಬೇಕಾದ ಪಾಲಿನ ಚಿಂತೆಯಿತ್ತು. ಮೊದಲ ಸಭೆಯಲ್ಲಿ ಹಣಕಾಸಿನ ಮುಖ್ಯಸ್ಥೆ, ನಮ್ಮ ಪಾಲು ಮುಂದಿನ ಬಜೆಟ್ಟಿನಲ್ಲಿ ಬೇರೆ ಬಾಬಿನಡಿ ಕಾಣಬೇಕು, ಹಳೆಯ ನಿರ್ವಹಣಾ ಗುತ್ತಿಗೆ ಮುಗಿದಿರಬೇಕು, ಹಾಗಿದ್ದರೆ ಆಗಬಹುದು ಎಂದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಪದವೊಂದೇ. ನಾನು ಗುತ್ತಿಗೆದಾರರಿಂದ ದರಪಟ್ಟಿ ಕರೆಯುವ ಅರ್ಜಿ ನಮೂನೆ 470ನ್ನು ಪ್ರಕಟಿಸಿದೆ. ನಿಯಮದಂತೆ 28 ದಿನ ಕಾದೆ. ದರಪಟ್ಟಿಗಳನ್ನು ಹೋಲಿಸಿ ಗುತ್ತಿಗೆದಾರರನ್ನೂ ಆರಿಸಿದೆ. ರಿಯಾಯಿತಿ ಕೋರುವ ನಮೂನೆ 471ನ್ನು ಸಲ್ಲಿಸುವ ಮುನ್ನ ಗುತ್ತಿಗೆದಾರರೊಂದಿಗೆ ಕರಾರು ಆಗಿರಬೇಕು. ಸಹಿಗೆಂದು ಹೋದಾಗ ಹಣಕಾಸಿನ ಮುಖ್ಯಸ್ಥೆ ಕಡತವನ್ನು ಎರಡು ಸಲ ಮಗುಚಿ ನೋಡಿ, ತಾವು ಹೇಳಿದ ಎರಡರಲ್ಲಿ ಒಂದೂ ಆಗಿಲ್ಲವೆಂದು ಶಾಂತವಾಗಿಯೇ ಹಿಂದಿರುಗಿಸಿದರು. ನಾವು ಜಗಳವಾಡಿ ಮುಗಿಸುವಷ್ಟರಲ್ಲಿ ಅರ್ಜಿ ಸಲ್ಲಿಸುವ ಅವಧಿ ಮುಗಿದಿತ್ತು. ಇಡೀ ಒಂದು ವರ್ಷ ಮಕ್ಕಳು ಹಳೆಯ ವೈ-ಫೈಯಲ್ಲೇ ಪರೀಕ್ಷೆ ಬರೆದರು.

ಅವರು ಮಾತಿಗೆ ತಪ್ಪಿದರು ಎಂದು ನಾನು ಬಹಳ ದಿನ ಸಿಟ್ಟಿನಲ್ಲಿದ್ದೆ. ಆ ಸಿಟ್ಟು ಇಳಿದದ್ದು ಸ್ನೋ ಅವರ 2009ರ ನಡೆಯನ್ನು ಓದಿದ ಮೇಲೆ. ಆ ವರ್ಷದ ಅಕ್ಟೋಬರ್ 13ರಂದು ಸೆನೆಟ್ಟಿನ ಹಣಕಾಸು ಸಮಿತಿ ಆರೋಗ್ಯ ವಿಮೆಯ ಮಸೂದೆಯನ್ನು 14-9 ಮತಗಳಿಂದ ಅಂಗೀಕರಿಸಿದಾಗ, ಪರವಾಗಿ ಮತ ಹಾಕಿದ ಏಕೈಕ ರಿಪಬ್ಲಿಕನ್ ಅವರು. ಇಂದಿನ ಮತ ಇಂದಿನದಷ್ಟೇ, ನಾಳೆಯ ಮತಕ್ಕೆ ಅದು ಮುನ್ಸೂಚನೆಯಲ್ಲ ಎಂಬರ್ಥದ ಮಾತನ್ನು ಅಂದೇ ಹೇಳಿದ್ದರು. ಡಿಸೆಂಬರ್ 24ರಂದು ಮಸೂದೆ 60-39ರಲ್ಲಿ ಸೆನೆಟ್ಟನ್ನು ದಾಟಿದಾಗ ಅವರ ಮತ ವಿರುದ್ಧವಾಗಿತ್ತು. ಅಷ್ಟು ದೊಡ್ಡ ಮಸೂದೆಯನ್ನು ಅವಸರದಲ್ಲಿ ಮುಗಿಸಲಾಗುತ್ತಿದೆ ಎಂಬುದು ಅವರ ಆಕ್ಷೇಪ. ಸ್ವಪಕ್ಷದವರು ಮೊದಲ ಮತಕ್ಕೆ ಬೈದರು, ಎದುರು ಪಕ್ಷದವರು ಎರಡನೆಯದಕ್ಕೆ. ಅವರನ್ನು ಒಲಿಸಿಕೊಳ್ಳಲು ತಿಂಗಳುಗಟ್ಟಲೆ ಕಾದದ್ದು ವ್ಯರ್ಥವಾಯಿತೆಂಬ ಡೆಮಾಕ್ರಟರ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಮಾತಿಗೆ ತಪ್ಪಿದರು ಎನ್ನುವುದು ಅನ್ಯಾಯ, ಏಕೆಂದರೆ ಅವರು ಕೊಟ್ಟ ಮಾತೇ ಅಷ್ಟಿತ್ತು. ನಮ್ಮ ಮುಖ್ಯಸ್ಥೆಯ ಮಾತೂ ಅಷ್ಟೇ ಇತ್ತು.

ಕೆಳಮನೆಯಲ್ಲಿ 16 ವರ್ಷ, ಸೆನೆಟ್ಟಿನಲ್ಲಿ 18 ವರ್ಷ ಕಳೆದ ಸ್ನೋ, ಅಲ್ಲಿ ಪಕ್ಷಗಳ ಹಟಮಾರಿತನ ಸದ್ಯಕ್ಕೆ ಬದಲಾಗುವಂತಿಲ್ಲ ಎಂದು 2012ರ ಫೆಬ್ರವರಿಯಲ್ಲಿ ಮರುಸ್ಪರ್ಧೆಯಿಂದ ಹಿಂದೆ ಸರಿದರು. ಸಾರ್ವಜನಿಕ ಸೇವೆಯಲ್ಲಿ ನಂಬಿಕೆಯಿದ್ದವರು ಮನೆಯಲ್ಲಿ ಕೂರಲಿಲ್ಲ. ಹೊರಗಿನಿಂದಲೇ ಎರಡೂ ಪಕ್ಷಗಳನ್ನು ಕೂಡಿಸುವ ಕೆಲಸ ಹಿಡಿದರು. ನನಗೆ ಅಂಥ ಆಯ್ಕೆಯಿರಲಿಲ್ಲ, ಮರುದಿನವೂ ಅದೇ ಕಚೇರಿಗೆ ಹೋಗಬೇಕಿತ್ತು.

ಮುಂದಿನ ವರ್ಷ ಪ್ರಸ್ತಾವದ ಮೊದಲ ಪುಟದಲ್ಲೇ ಪ್ರತಿ ವಿಭಾಗದ ಷರತ್ತು, ಅದು ಈಡೇರಬೇಕಾದ ದಿನಾಂಕ ಮತ್ತು ಹೊಣೆ ಹೊತ್ತವರ ಹೆಸರನ್ನು ಬರೆದೆ. ಹಣಕಾಸಿನ ಷರತ್ತುಗಳನ್ನು ನಾನು ಬರೆಯದೆ, ಮುಖ್ಯಸ್ಥೆಯವರಿಂದಲೇ ಬರೆಸಿದೆ. ಮಂಡಳಿಯ ಮುಂದೆ ಪ್ರಸ್ತಾವವನ್ನು ಮಂಡಿಸಿದವರೂ ಅವರೇ. ಪ್ರಶ್ನೆ ಬಂದಾಗ ಉತ್ತರಿಸಲೆಂದು ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಒಂದೂ ಪ್ರಶ್ನೆ ನನ್ನವರೆಗೆ ಬರಲಿಲ್ಲ, ಸ್ವಲ್ಪ ನಿರಾಸೆಯೇ ಆಯಿತು. ಈ ವರ್ಷದ ಹಾಳೆಯಲ್ಲಿ ಅವರ ಷರತ್ತುಗಳು ಐದಿವೆ, ಎರಡಕ್ಕೆ ನಾನಿನ್ನೂ ಉತ್ತರ ಹುಡುಕಬೇಕಿದೆ.