ಕಡ್ಲಿಕಾಳಿನ ಟಗರು ಮತ್ತ ಲ್ಯಾಟಿನ್ ವಿಶೇಷಣ

ಕಡ್ಲಿಯ ವೈಜ್ಞಾನಿಕ ಹೆಸರು ಸೈಸರ್ ಅರಿಯೆಟಿನಮ್ ಅಂತ ಬಿಎಸ್ಸಿ ಓದೋರೆಲ್ಲಾ ಬಾಯಿಪಾಠ ಮಾಡ್ತಾರ, ಆದ್ರ ಅರಿಯೆಟಿನಮ್ ಅಂದ್ರ ಏನಂತ ಕ್ಲಾಸಿನ್ಯಾಗ ಹೇಳೋದ ಕಡಿಮಿ, ಅದ ನನಗ ಭಾಳ ಬ್ಯಾಸರ. ಲ್ಯಾಟಿನ್‌ನಾಗ ಅರಿಯೆಸ್ ಅಂದ್ರ ಟಗರು. ಅದರಿಂದ ಅರಿಯೆಟಿನುಸ್, ಟಗರಿಗೆ ಸಂಬಂಧಪಟ್ಟದ್ದು, ಟಗರಿನಂಥಾದ್ದು. ನಮ್ಮ ಬೈಲಹೊಂಗಲ, ಸವದತ್ತಿ ಕಡೆ ಎರಿ ಹೊಲದಾಗ ಬೆಳಿಯೋ ಕಂದು ಕಡ್ಲಿಕಾಳು ಒಂದು ಅಂಗೈ ಮ್ಯಾಲಿಟ್ಟು, ಚೂಪ ಮೂತಿ ಕೆಳಗ ಮಾಡಿ ನೋಡ್ರಿ, ಎರಡೂ ಬಾಜೂ ಉಬ್ಬಿರ್ತದ, ನಡುವ ಒಂದು ಗೆರಿ, ಖರೇನ ಕೊಂಬ ಸುತ್ತಿಕೊಂಡ ಟಗರಿನ ತಲಿ! ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಾಗ ಇದನ್ನ ಸಸ್ಯದ ಹೆಸರಾಗಿ ಬರದಾನ, ಆದ್ರ ಅದಕ್ಕಿಂತ ಭಾಳ ಹಿಂದ ರೋಮಿನ ಪ್ಲಿನಿನೂ ಈ ಕಾಳು ಟಗರಿನ ತಲಿ ಇದ್ದಂಗ ಐತಿ ಅಂದಿದ್ದ.

ಈಗ ವ್ಯಾಕರಣ. ಅರಿಯೆಟಿನುಸ್ ಹೋಗಿ ಅರಿಯೆಟಿನಮ್ ಯಾಕಾತು? ಸೈಸರ್ ನಪುಂಸಕಲಿಂಗ, ವಿಶೇಷಣ ಅದರ ಹಿಂದ ಹೋಗಬೇಕು. ಕನ್ನಡದಾಗ ಬಿಳಿ ಎತ್ತು, ಬಿಳಿ ಆಕಳಾ, ಬಿಳಿ ಕರಾ, ಬಿಳಿ ಏನೂ ಬದಲಾಗಂಗಿಲ್ಲ. ಆದ್ರ ಬೆಳಗಾವ್ಯಾಗ ಮರಾಠಿ ಕೇಳಕೋತನ ಬೆಳದೋರಿಗೆ ಇದೇನ್ ಹೊಸಾದಲ್ಲ, ಪಾಂಢರಾ ಬೈಲ್, ಪಾಂಢರೀ ಗಾಯ್, ಪಾಂಢರಂ ವಾಸರೂ ಅಂತ ದಿನಾ ಅಂತೀವಿ. ಲ್ಯಾಟಿನ್‌ನಾಗ ಅದ ಕೆಲಸ ಪುಲ್ಲಿಂಗಕ್ಕ ಉಸ್, ಸ್ತ್ರೀಲಿಂಗಕ್ಕ ಆ, ನಪುಂಸಕಕ್ಕ ಉಮ್ ಮಾಡ್ತಾವ (ಕನ್ನಡದಾಗ ಅಸ್, ಅಮ್ ಅಂತನೂ ಬರೀತೀವಿ). ಸಟೈವುಸ್ ಅಂದ್ರ ಬಿತ್ತಿ ಬೆಳೆಸಿದ್ದು: ಕೇಸರಿ ಕ್ರೋಕಸ್ ಸಟೈವಸ್, ಭತ್ತ ಒರೈಜಾ ಸಟೈವಾ, ಬಳ್ಳೊಳ್ಳಿ ಅಲಿಯಮ್ ಸಟೈವಮ್. ಮೂರೂ ಒಂದ ಶಬ್ದ ರೀ, ಬ್ಯಾರೆ ಬ್ಯಾರೆ ಅಂತ ಕಲಿಯೋ ತ್ರಾಸ ಬ್ಯಾಡ.

ಎಲ್ಲಾರೂ ಎಡವೋದು ಅರಳಿ ಮರದಾಗ, ಅದರ ಹೆಸರು ಫೈಕಸ್ ರಿಲಿಜಿಯೋಸಾ. ಫೈಕಸ್ ಅಂತ ಉಸ್‌ನಾಗ ಮುಗಿತದಲ್ಲಾ, ಮತ್ತ ರಿಲಿಜಿಯೋಸಾ ಯಾಕ, ರಿಲಿಜಿಯೋಸಸ್ ಯಾಕಲ್ಲ? ಯಾಕಂದ್ರ ಲ್ಯಾಟಿನ್‌ನಾಗ ಮರದ ಹೆಸರು ಬಹುತೇಕ ಸ್ತ್ರೀಲಿಂಗ, ಕೊನಿ ಅಕ್ಷರ ಏನರ ಇರಲಿ. ಅದಕ್ಕ ನಾಮಪದದ ಬಾಲ ನೋಡಿ ಲಿಂಗ ಹೇಳಬ್ಯಾಡ್ರಿ, ವಿಶೇಷಣದ ಬಾಲ ನೋಡ್ರಿ ಅಂತೀನಿ ನಾನು.

ಇನ್ನ ಎಲ್ಲಾ ವಿಶೇಷಣಕ್ಕೂ ಮೂರು ರೂಪ ಇರಂಗಿಲ್ಲ. ವಲ್ಗ್ಯಾರಿಸ್, ಅಂದ್ರ ಸಾಮಾನ್ಯ, ಪುಲ್ಲಿಂಗ ಸ್ತ್ರೀಲಿಂಗ ಎರಡಕ್ಕೂ ಅದ: ಬೀನ್ಸ್ ಫೇಸಿಯೋಲಸ್ ವಲ್ಗ್ಯಾರಿಸ್, ಬೀಟ್‌ರೂಟ್ ಬೀಟಾ ವಲ್ಗ್ಯಾರಿಸ್. ಬಾರ್ಲಿ ಹೆಸರು ನಪುಂಸಕಲಿಂಗ, ಅದಕ್ಕ ಹಾರ್ಡಿಯಮ್ ವಲ್ಗೇರೆ. ನಮ್ಮ ಜ್ವಾಳದ್ದಂತೂ ಇನ್ನೂ ಸರಳ, ಸೋರ್ಗಮ್ ಬೈಕಲರ್, ಎರಡು ಬಣ್ಣದ್ದು, ಆ ಬೈಕಲರ್ ಕರ್ತೃ ರೂಪದಾಗ ಮೂರೂ ಲಿಂಗಕ್ಕ ಒಂದ.