ಅಮೆರಿಕ ಪಾಸ್‌ಪೋರ್ಟ್ ಇಟ್ಕೊಂಡು ಚೀನಾಕ್ಕೆ ಯಾಕೆ ಹೋದೆ?

ಮೈಸೂರಿಗೆ ಬಂದಾಗಲೆಲ್ಲ, ಮದುವೆ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಅಮೆರಿಕ ಪಾಸ್‌ಪೋರ್ಟ್ ಇಟ್ಕೊಂಡು ಚೀನಾಕ್ಕೆ ಯಾಕಮ್ಮ ಹೋದೆ?" ಆ 'ಇಟ್ಕೊಂಡು' ಕೇಳಿದರೆ ಮೈ ಉರಿಯುತ್ತದೆ. ಕೊರಳ ತುಂಬ ಚಿನ್ನ ಹೇರಿಕೊಂಡು ಸಂತೆಯಲ್ಲಿ ಕೊತ್ತಂಬರಿ ಮಾರಲು ಕೂತೆನೇನೋ ಅನ್ನುವ ಹಾಗೆ! ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಟ್ಟಿದ್ದೇನೆ, ಇನ್ನು ಕೇಳಿದವರಿಗೆ ಲಿಂಕ್ ಕಳಿಸುತ್ತೇನೆ.

ಕೆಲಸ ಸಿಕ್ಕಿತು, ಹೋದೆ. ಸಿಕ್ಕಿದ್ದೂ ಆ ಪಾಸ್‌ಪೋರ್ಟಿನಿಂದಲೇ. ಅಲ್ಲಿ ಇಂಗ್ಲಿಷ್ ಕಲಿಸುವ ವೀಸಾಕ್ಕೆ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಂಥ ದೇಶದವರನ್ನೇ ಕೇಳುತ್ತಾರೆ. ಇಲ್ಲೇ ಇಂಗ್ಲಿಷ್ ಎಂ.ಎ. ಮಾಡಿದ ನನ್ನ ಚಿಕ್ಕಪ್ಪನ ಮಗಳಿಗೆ ನನಗಿಂತ ಚೆನ್ನಾಗಿ ವ್ಯಾಕರಣ ಗೊತ್ತು. ಅವಳು ಅರ್ಜಿ ಹಾಕುವುದೇ ದಂಡ.

ನಾನು ಹುಟ್ಟಿದ್ದು ಮೈಸೂರು, ಬೆಳೆದಿದ್ದು ನ್ಯೂಜೆರ್ಸಿ. ಪಾಸ್‌ಪೋರ್ಟ್ ಸರಿ, ಮುಖದ್ದೇ ತಕರಾರು. 2019ರಲ್ಲಿ, ಚೆಂಗ್ಡುವಿನ ಒಂದು ಟ್ಯೂಷನ್ ಸೆಂಟರಿನಲ್ಲಿ ಮೊದಲ ದಿನ. ಮೊಮ್ಮಗನನ್ನು ಬಿಡಲು ಬಂದ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮ್ಯಾನೇಜರನ್ನು ಕೇಳಿದರು: "ವಾಯ್‌ಜ್ಯಾವ್ ಎಲ್ಲಿ?" ಅಂದರೆ ವಿದೇಶಿ ಟೀಚರ್.

"ನಾನೇ" ಅಂದೆ.

"ನೀನು ಇಂಡಿಯಾದವಳಲ್ವಾ?"

"ಅಮೆರಿಕ."

"ಸುಳ್ಳು."

ಅಷ್ಟರಲ್ಲಿ ನನ್ನನ್ನು ಊಟಕ್ಕೆ ಕರೆದೊಯ್ಯಲು ಓಹಾಯೋದ ಗೆಳೆಯ ಬಂದ. ಕೆಂಚುಗೂದಲಿನವನು. ಮಾಡುತ್ತಿದ್ದುದು ಬೇರೆಲ್ಲೋ ಲೆಕ್ಕ ಬರೆಯುವ ಕೆಲಸ. ಅವನನ್ನು ಎಳೆದು ಗ್ರೂಪ್ ಫೋಟೊದ ನಡುವೆ ನಿಲ್ಲಿಸಿದರು. ಎರಡು ವರ್ಷ ಆ ಫೋಟೊ ಗೋಡೆ ಮೇಲಿತ್ತು. ತುದಿಯಲ್ಲಿ ನಾನು, ಅರ್ಧ ಭುಜ ಕತ್ತರಿಸಿ ಹೋಗಿತ್ತು.

ಅವನಿಗೂ ಕಷ್ಟ ಇತ್ತು ಬಿಡಿ. ಟ್ಯಾಕ್ಸಿ ಹತ್ತಿದರೆ ಸಾಕು, ಸಂಬಳ ಎಷ್ಟು, ಮದುವೆ ಆಯ್ತಾ, ಯಾಕೆ ಆಗಿಲ್ಲ. ಪಾಪ, ಕಿವಿಯೆಲ್ಲ ಕೆಂಪಾಗುತ್ತಿತ್ತು. ನನಗೇನೂ ಅನ್ನಿಸುತ್ತಿರಲಿಲ್ಲ. ಅತ್ತೆಯಂದಿರ ಕೈಯಲ್ಲಿ ಪಳಗಿದವಳು ನಾನು.

ಕೇಳಲೇಬೇಕಿದ್ದರೆ ಆ ಅಜ್ಜಿ ಆಮೇಲೆ ಏನಾದರು ಅಂತ ಕೇಳಿ. ಫೋಟೊ ಕಥೆಗೆ ಎಲ್ಲರೂ ನಗುತ್ತಾರೆ, ಇದನ್ನು ಮಾತ್ರ ಒಬ್ಬರೂ ಕೇಳಿಲ್ಲ.

2021ರ ಜುಲೈನಲ್ಲಿ ಸರ್ಕಾರ ಶಾಲೆ ಮಕ್ಕಳ ಟ್ಯೂಷನ್ ವ್ಯಾಪಾರಕ್ಕೆ ಕಡಿವಾಣ ಹಾಕಿತು. ಶನಿವಾರ, ಭಾನುವಾರ, ರಜೆಯಲ್ಲಿ ಪಾಠ ಮಾಡುವಂತಿಲ್ಲ. ಲಾಭದ ಮಾತು ಎತ್ತುವಂತಿಲ್ಲ. ನಮ್ಮ ಸೆಂಟರ್ ಬಾಗಿಲು ಹಾಕಿತು. ಕೊನೆಯ ದಿನ ಅಜ್ಜಿ ಒಂದು ಗಾಜಿನ ಭರಣಿ ಹೊತ್ತು ತಂದರು. ಪಾವ್‌ತ್ಸಾಯ್, ಸಿಚುವಾನ್ ಕಡೆಯ ಉಪ್ಪುನೀರಿನ ಉಪ್ಪಿನಕಾಯಿ. ಒಳಗೆ ಮೂಲಂಗಿ, ಅಲಸಂದೆಕಾಯಿ, ಮೆಣಸಿನಕಾಯಿ. ಭರಣಿಯ ಬಾಯಿ ಸುತ್ತ ಪುಟ್ಟ ಕಾಲುವೆ. ಅದಕ್ಕೆ ನೀರು ತುಂಬಿ ಮುಚ್ಚಳ ಬೋರಲು ಹಾಕಿದರೆ, ಒಳಗಿನ ಗಾಳಿ ಗುಳುಗುಳು ಅಂತ ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗುವುದಿಲ್ಲ.

"ನೀರು ಆರೋಕೆ ಬಿಡಬೇಡ. ಎಣ್ಣೆ ತಾಗಿದ ಊಟದ ಕಡ್ಡಿ ಹಾಕಬೇಡ, ಕೆಟ್ಟು ಹೋಗುತ್ತೆ."

ಬೇಸಿಗೆ ರಜೆಗೆ ನಾನು ಮೈಸೂರಿಗೆ ಬಂದಾಗ ನಮ್ಮಜ್ಜಿಯೂ ಹೀಗೇ, ಮಾವಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಿದರೆ ಬೈಯುತ್ತಿದ್ದರು.

ಹೊರಡುವಾಗ ಮೊಮ್ಮಗನಿಗೆ ಹೇಳಿದರು: "ಇಂಡಿಯಾ ಟೀಚರ್‌ಗೆ ಟಾಟಾ ಮಾಡು." ತಿದ್ದೋಣ ಅಂದುಕೊಂಡೆ. ಎರಡೂ ಕೈಯಲ್ಲಿ ಭರಣಿ ಇತ್ತು, ಕಾಲುವೆಯ ನೀರು ತುಳುಕುತ್ತಿತ್ತು.