ನಾನೂರರ ಬೈಕೋ, ಆರುನೂರೈವತ್ತರದೋ? ಸರ್ವಿಸ್ ಕೌಂಟರಿನಲ್ಲಿ ಕಲಿತದ್ದು

ಬೈಕ್ ಕೊಳ್ಳುವಾಗ ಜನ ಕೇಳುವ ಪ್ರಶ್ನೆ ಬೇರೆ, ಎರಡು ವರ್ಷ ಓಡಿಸಿ ಸರ್ವಿಸ್‌ಗೆ ಬಂದಾಗ ಹೇಳುವ ಮಾತೇ ಬೇರೆ. ಕೊಳ್ಳುವಾಗ ಟಾಪ್ ಸ್ಪೀಡ್ ಎಷ್ಟು, ನೂರು ಮುಟ್ಟೋಕೆ ಎಷ್ಟು ಸೆಕೆಂಡು, ಸೌಂಡ್ ಹೇಗಿದೆ ಅನ್ನುವುದೇ ಮಾತು. ಆಮೇಲೆ ಬಂದಾಗ "ಅಣ್ಣ, ಸಿಗ್ನಲ್‌ನಲ್ಲಿ ತೊಡೆ ಸುಡುತ್ತೆ", "ಮಣಿಕಟ್ಟು ಹಿಡ್ಕೊಳ್ಳುತ್ತೆ", "ಬ್ಯಾಟರಿ ಮತ್ತೆ ಡೌನ್ ಆಗಿದೆ". ನಾನು ಬೆಂಗಳೂರಿನಲ್ಲಿ ಬೇರೆ ಬೇರೆ ಕಂಪನಿಗಳ ಸ್ಪೋರ್ಟ್ಸ್ ಬೈಕ್ ನೋಡಿಕೊಳ್ಳುವ ವರ್ಕ್‌ಶಾಪ್ ಒಂದರಲ್ಲಿ ಸರ್ವಿಸ್ ಅಡ್ವೈಸರ್. ಬೈಕ್ ಮಾರುವುದು ನನ್ನ ಕೆಲಸ ಅಲ್ಲ. ಆದರೂ ಕೌಂಟರಿಗೆ ಒರಗಿ ನಿಂತು ಜನ ಕೇಳುತ್ತಲೇ ಇರುತ್ತಾರೆ: ಮಿಡ್ ಸೈಜ್ ತಗೊಳ್ಳಲಾ, ದೊಡ್ಡದಕ್ಕೇ ಹೋಗಿಬಿಡಲಾ?

ಜಾಬ್ ಕಾರ್ಡ್ ಬರೆದು ಬರೆದು ನನಗೆ ಗಟ್ಟಿಯಾದ ಒಂದು ಅಭಿಪ್ರಾಯ ಇದು: ಬೈಕ್ ಅತಿ ನಿಧಾನವಾಗಿ ಓಡುವ ಅರ್ಧ ಗಂಟೆಯಲ್ಲಿ ಅದು ನಿಮ್ಮ ಜೊತೆ ಹೇಗಿರುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ವೇಗದ ಲೆಕ್ಕ ಆಮೇಲೆ ಹಾಕಿದರೆ ಸಾಕು.

ನಮ್ಮ ದೇಶದಲ್ಲಿ ಮಿಡ್ ಸೈಜ್ ಸ್ಪೋರ್ಟ್ಸ್ ಬೈಕ್ ಅಂದರೆ ಹೆಚ್ಚುಕಡಿಮೆ 300ರಿಂದ 500 ಸಿಸಿ ಎಂಜಿನ್ ಇರುವುದು. ಟಿವಿಎಸ್ ಅಪಾಚೆ ಆರ್‌ಆರ್ 310, ಕವಾಸಕಿ ನಿಂಜಾ 300, ಕೆಟಿಎಂ ಆರ್‌ಸಿ 390, ಏಪ್ರಿಲಿಯಾ ಆರ್‌ಎಸ್ 457 ಈ ಸಾಲಿನವು. ದೊಡ್ಡದು ಅಂದರೆ ನಿಂಜಾ 650, ಹೋಂಡಾ ಸಿಬಿಆರ್ 650 ಆರ್ ಇಂಥವುಗಳಿಂದ ಶುರು. ಅದರಾಚೆ ಕವಾಸಕಿಯದೇ ಝಡ್‌ಎಕ್ಸ್-6ಆರ್, ಝಡ್‌ಎಕ್ಸ್-10ಆರ್ ಇವೆ. ಅವು ರೇಸ್ ಟ್ರ್ಯಾಕಿಗೆ ಹುಟ್ಟಿದ ಬೈಕ್‌ಗಳು. ಅವುಗಳ ವಿಷಯ ಇಲ್ಲಿ ಎತ್ತುವುದಿಲ್ಲ.

ಈಚೆಗೆ ಬಂದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಮನೆ ಯಲಹಂಕ, ಕೆಲಸ ಮಾರತಹಳ್ಳಿ ಕಡೆ. ಕಾಲೇಜಿನಿಂದ ಯಮಹಾ ಆರ್15 ಓಡಿಸಿದ್ದಾನೆ, ಚೆನ್ನಾಗಿಯೇ ಇಟ್ಟುಕೊಂಡಿದ್ದಾನೆ. ಮನಸ್ಸು ನಿಂಜಾ 650 ಮೇಲೆ. ಅವನ ವಾದ ನಾನು ಕೇಳುತ್ತಲೇ ಇರುವಂಥದ್ದು: "ಅಣ್ಣ, ಒಂದೇ ಸಲ 650 ತಗೊಂಡ್ರೆ ಮುಂದೆ ಅಪ್‌ಗ್ರೇಡ್ ಮಾಡೋ ಗೋಜೇ ಇರಲ್ಲ ಅಲ್ವಾ?"

ಕೇಳೋಕೆ ಸರಿ ಅನ್ನಿಸುತ್ತದೆ. ದುಡ್ಡು ಉಳಿಯುವ ದಾರಿ ಅಂತಲೂ ಕಾಣುತ್ತದೆ. ನಾನು ಅವನಿಗೆ ಮೊದಲು ತೂಕದ ಲೆಕ್ಕ ತೋರಿಸಿದೆ. ಆರ್15 142 ಕೆಜಿ. ಆರ್‌ಎಸ್ 457 175 ಕೆಜಿ. ನಿಂಜಾ 650 196 ಕೆಜಿ. ಅಂದರೆ ಆರ್15ರಿಂದ ನೇರ 650ಕ್ಕೆ ಹಾರಿದರೆ ಒಂದು ಸಿಮೆಂಟ್ ಮೂಟೆಗಿಂತ ಜಾಸ್ತಿ ಭಾರ ಹೊಸದಾಗಿ ಸೇರುತ್ತದೆ. ಎಂಜಿನ್ ಶಕ್ತಿ 18.4 ಪಿಎಸ್‌ನಿಂದ (ಹಾರ್ಸ್‌ಪವರ್ ಥರದ ಅಳತೆ) 68ಕ್ಕೆ ಏರುತ್ತದೆ. "ಆದ್ರೆ ಸೀಟ್ ಆರ್15ಗಿಂತ ಕೆಳಗಿದೆ, ಕಾಲು ಚೆನ್ನಾಗಿ ಊರುತ್ತೆ" ಅಂದ. ಅದು ನಿಜ. 650ರ ಸೀಟ್ ಎತ್ತರ 790 ಮಿಲಿಮೀಟರ್, ಆರ್15ರದ್ದು 815. ಕಾಲು ಊರಿದರೂ ಬೈಕ್ ವಾಲಿದಾಗ ಹಿಡಿಯಬೇಕಾದದ್ದು ತೂಕವನ್ನು. ಇದು ಶೋರೂಮಿನ ಸಮತಟ್ಟು ನೆಲದಲ್ಲಿ ಗೊತ್ತಾಗುವುದಿಲ್ಲ.

ನಮ್ಮಲ್ಲಿಗೆ ಬರುವ ಒಡೆದ ಫೇರಿಂಗ್ (ಬೈಕಿನ ಹೊರಮೈಯ ಪ್ಲಾಸ್ಟಿಕ್ ಹೊದಿಕೆ), ಬಾಗಿದ ಬ್ರೇಕ್, ಕ್ಲಚ್ ಲಿವರ್‌ಗಳಲ್ಲಿ ಬಹುಪಾಲು ಹೈವೇಯಲ್ಲಿ ಆದದ್ದಲ್ಲ. ಬೇಸ್‌ಮೆಂಟ್ ಪಾರ್ಕಿಂಗಿನ ಇಳಿಜಾರು, ಸಣ್ಣ ರಸ್ತೆಯಲ್ಲಿ ಯು ಟರ್ನ್, ಜಲ್ಲಿ ಹರಡಿದ ಅಂಚಿನಲ್ಲಿ ಊರಿದ ಕಾಲು. ನಿಂತ ನಿಂತಲ್ಲೇ ಬೀಳುತ್ತವೆ. ಓಡಿಸುವವರಿಗೆ ಪೆಟ್ಟಾಗಿರುವುದಿಲ್ಲ, ಬಿಲ್ ಮಾತ್ರ ದೊಡ್ಡದು. ಹೊರದೇಶದಿಂದ ಬರಬೇಕಾದ ಪ್ಯಾನೆಲ್ ಆದರೆ ವಾರಗಟ್ಟಲೆ ಕಾಯಬೇಕು. ಆರ್‌ಆರ್ 310 ಹೊಸೂರಿನಲ್ಲೇ ತಯಾರಾಗುತ್ತದೆ, ಆರ್‌ಸಿ 390 ಚಾಕಣದಲ್ಲಿ, ಆರ್‌ಎಸ್ 457 ಬಾರಾಮತಿಯಲ್ಲಿ. ಭಾಗಗಳ ವಿಷಯದಲ್ಲಿ ಈ ಹತ್ತಿರ ಅನ್ನುವುದು ತುಂಬಾ ಬೆಲೆಬಾಳುತ್ತದೆ.

ಆಮೇಲೆ ಬಿಸಿ. ಪೆಟ್ರೋಲ್ ಸುಟ್ಟಾಗ ಬರುವ ಶಕ್ತಿಯಲ್ಲಿ ಕೆಲಸಕ್ಕೆ ಸಿಗುವುದು ಸುಮಾರು ಮೂರನೇ ಒಂದು ಭಾಗ. ಉಳಿದದ್ದೆಲ್ಲ ಬಿಸಿಯಾಗಿ ಹೊರಗೆ ಹೋಗಬೇಕು. ಓಡುತ್ತಿದ್ದರೆ ಗಾಳಿ ಹೊತ್ತುಕೊಂಡು ಹೋಗುತ್ತದೆ. ಹೆಬ್ಬಾಳದ ಟ್ರಾಫಿಕ್‌ನಲ್ಲಿ ನಿಂತರೆ ರೇಡಿಯೇಟರ್ ಫ್ಯಾನ್ ತಿರುಗಿ ಆ ಬಿಸಿಗಾಳಿಯನ್ನು ಫೇರಿಂಗ್ ಸಂದಿಯಿಂದ ಕಾಲಿನ ಕಡೆಗೆ ತಳ್ಳುತ್ತದೆ. ಎಂಜಿನ್ ದೊಡ್ಡದಾದಷ್ಟೂ, ಪೆಟ್ರೋಲ್ ಸುಡುವ ಸಿಲಿಂಡರ್ ಜಾಸ್ತಿಯಾದಷ್ಟೂ ಇದು ಜೋರು. ನಾಲ್ಕು ಸಿಲಿಂಡರ್ ಬೈಕಿನವರು ಏಪ್ರಿಲ್‌ನಲ್ಲಿ ಬಂದು "ಏನೋ ತೊಂದರೆ ಇದೆ, ನೋಡಿ" ಅನ್ನುತ್ತಾರೆ. ಎಂಜಿನ್ ತಂಪಾಗಿಡುವ ಕೂಲೆಂಟ್ ಸರಿ ಇರುತ್ತದೆ, ಫ್ಯಾನ್ ಸರಿ ಇರುತ್ತದೆ. ತೊಂದರೆ ಏನೂ ಇಲ್ಲ, ಬೈಕ್ ತನ್ನ ಕೆಲಸ ಮಾಡುತ್ತಿದೆ ಅಂತ ಹೇಳುವುದು ನನಗೆ ಇವತ್ತಿಗೂ ಕಷ್ಟ. ಮಿಡ್ ಸೈಜ್‌ನಲ್ಲಿ ಬಿಸಿಯೇ ಇಲ್ಲ ಅಂತಲ್ಲ. ಆರ್‌ಸಿ 390 ಒಂದೇ ಸಿಲಿಂಡರಿನ 373 ಸಿಸಿ ಎಂಜಿನ್, ಅದೂ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆ. ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಗೇರ್ ಇಳಿಸದಿದ್ದರೆ ಕುಲುಕುತ್ತದೆ ಕೂಡ.

ಇನ್ನು ಬೈಕನ್ನು ಹೇಗೆ ಓಡಿಸಿದ್ದಾರೆ ಅಂತ ಟೈರ್ ನೋಡಿಯೇ ತಿಳಿಯುವುದನ್ನು ನನಗೆ ಚೆನ್ನಾಗಿ ಕಲಿಸಿದವರು ನಮ್ಮ ಹೆಡ್ ಮೆಕ್ಯಾನಿಕ್. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುತ್ತೇವೆ. ಬೈಕ್ ಒಳಗೆ ಬಂದರೆ ಅವರು ಓಡೋಮೀಟರ್ ನೋಡುವ ಮೊದಲು ಹಿಂದಿನ ಟೈರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಟೈರಿನ ನಡುಭಾಗ ಸವೆದು ಚಪ್ಪಟೆಯಾಗಿ, ಎರಡೂ ಅಂಚು ಹೊಸದರಂತೆ ಇದ್ದರೆ ಆ ಬೈಕ್ ನೇರ ರಸ್ತೆ ಬಿಟ್ಟು ಬೇರೆ ಏನೂ ನೋಡಿಲ್ಲ. ಅಂಚಿನವರೆಗೂ ಸಮನಾಗಿ ಸವೆದಿದ್ದರೆ ಓಡಿಸುವವರು ತಿರುವಿನಲ್ಲಿ ಬೈಕನ್ನು ನಂಬಿ ವಾಲಿಸಿದ್ದಾರೆ. ನಮ್ಮ ವರ್ಕ್‌ಶಾಪಿನಲ್ಲಿ ನಾನು ಕಂಡಂತೆ ಅಂಚು ಸವೆದ ಟೈರ್ ಜಾಸ್ತಿ ಇರುವುದು ಮಿಡ್ ಸೈಜ್ ಬೈಕ್‌ಗಳಲ್ಲಿ. ದೊಡ್ಡ ಬೈಕ್‌ಗಳಲ್ಲಿ ಎಷ್ಟೋ ಟೈರ್‌ಗಳು ಸವೆಯುವ ಮೊದಲೇ ವಯಸ್ಸಾಗಿ ಗಟ್ಟಿಯಾಗುತ್ತವೆ. ಬ್ಯಾಟರಿ ಕೂಡ ಓಡಿ ಹಾಳಾಗುವುದಿಲ್ಲ, ನಿಂತೇ ಹಾಳಾಗುತ್ತದೆ.

ಮಿಡ್ ಸೈಜ್ ಬೈಕ್‌ಗಳ ಟೈರ್ ಅಂಚಿನವರೆಗೂ ಸವೆಯಲು ಕಾರಣ ಸರಳ. ನಿಂಜಾ 300 ತನ್ನ 39 ಪಿಎಸ್ ಕೊಡುವುದು 11,000 ಆರ್‌ಪಿಎಂನಲ್ಲಿ. ಅಲ್ಲಿಗೆ ಹೋಗಬೇಕಾದರೆ ಗೇರ್ ಸರಿಯಾಗಿ ಹಾಕಬೇಕು, ಬ್ರೇಕ್ ಎಲ್ಲಿ ಬಿಡಬೇಕು ಅಂತ ಯೋಚಿಸಬೇಕು, ಆಕ್ಸಿಲರೇಟರ್ ಪೂರ್ತಿ ತಿರುಗಿಸಬೇಕು. ಹೀಗೆ ಮಾಡಿ ಮಾಡಿ ಕೈ ಪಳಗುತ್ತದೆ. 650ರಲ್ಲಿ 6,700 ಆರ್‌ಪಿಎಂಗೆಲ್ಲ 64 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಬಂದುಬಿಡುತ್ತದೆ. ಗೇರ್ ತಪ್ಪಿದ್ದರೂ ಎಳೆದುಕೊಂಡು ಹೋಗುತ್ತದೆ. ಆರಾಮು ನಿಜ, ಆದರೆ ನಿಮ್ಮ ತಪ್ಪು ನಿಮಗೇ ಗೊತ್ತಾಗುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಸಣ್ಣ ಬೈಕಿನಲ್ಲಿ 120 ಅಂದರೆ ಮೈಯೆಲ್ಲ ಎಚ್ಚರವಾಗಿರುತ್ತದೆ. ದೊಡ್ಡದರಲ್ಲಿ 140 ಸದ್ದಿಲ್ಲದೆ ಬಂದಿರುತ್ತದೆ. ನೂರರಲ್ಲಿ ಒಂದು ಸೆಕೆಂಡಿಗೆ 28 ಮೀಟರ್ ಹೋಗುತ್ತೀರಿ, 140ರಲ್ಲಿ 39 ಮೀಟರ್. ನಿಲ್ಲಿಸಲು ಬ್ರೇಕ್ ಕಳೆಯಬೇಕಾದ ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟು. ತುಮಕೂರು ರಸ್ತೆಯಲ್ಲಿ ಎದುರಿಗೆ ರಾಂಗ್ ಸೈಡ್‌ನಲ್ಲಿ ಟ್ರ್ಯಾಕ್ಟರ್ ಬಂದಾಗ ಈ ಲೆಕ್ಕವೇ ಜೀವ.

ಬೇರೆ ದೇಶಗಳು ಇದನ್ನು ಕಾನೂನಿನಲ್ಲೇ ಬರೆದಿವೆ. ಯುರೋಪಿನಲ್ಲಿ 18 ತುಂಬಿದವರಿಗೆ ಸಿಗುವ ಎ2 ಲೈಸೆನ್ಸ್‌ಗೆ 35 ಕಿಲೋವಾಟ್ ಮಿತಿ, ಜೊತೆಗೆ ಪ್ರತಿ ಕೆಜಿಗೆ 0.2 ಕಿಲೋವಾಟ್ ದಾಟಬಾರದು. ಆರ್‌ಎಸ್ 457ರ 47.6 ಪಿಎಸ್ ಅಂದರೆ ಸರಿಯಾಗಿ 35 ಕಿಲೋವಾಟ್. 175 ಕೆಜಿ ತೂಕಕ್ಕೆ ಭಾಗಿಸಿ ನೋಡಿ, ಎರಡನೇ ಮಿತಿಗೂ ಅಷ್ಟೇ ಕರಾರುವಾಕ್ಕಾಗಿ ಬಂದು ನಿಲ್ಲುತ್ತದೆ. ಜಪಾನಿನಲ್ಲಿ 400 ಸಿಸಿ ದಾಟಿದರೆ ಬೇರೆ ಲೈಸೆನ್ಸ್ ಬೇಕು. ನಮ್ಮಲ್ಲಿ 18 ತುಂಬಿ ಗೇರ್ ಬೈಕಿನ ಲೈಸೆನ್ಸ್ ಒಂದಿದ್ದರೆ 998 ಸಿಸಿ ಬೈಕೂ ಹತ್ತಬಹುದು. ಹಾಗಾಗಿ ಹಂತ ಹಂತವಾಗಿ ಹೋಗುವ ಜವಾಬ್ದಾರಿ ಕೊಳ್ಳುವವರ ಮೇಲೆ, ಸಲಹೆ ಕೊಡುವ ನಮ್ಮಂಥವರ ಮೇಲೆ ಬೀಳುತ್ತದೆ. ಈ ಮಾತನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ದುಡ್ಡಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ವರೆಗಿನ ಬೈಕಿಗೆ ಜಿಎಸ್‌ಟಿ ಶೇ. 18. ಅದನ್ನು ದಾಟಿದರೆ ಶೇ. 40. ಅಂದರೆ ಗೆರೆ ಮಿಡ್ ಸೈಜ್ ಗುಂಪಿನ ನಡುವೆಯೇ ಬಿದ್ದಿದೆ. ಆರ್‌ಆರ್ 310, ನಿಂಜಾ 300 ಈಚೆ ಕಡೆ. ಆರ್‌ಸಿ 390ರ 373 ಸಿಸಿ ಎಂಜಿನ್, ಆರ್‌ಎಸ್ 457 ಆಚೆ ಕಡೆ, 650ರ ಜೊತೆಗೇ. ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲೂ ಗೆರೆ ಅಲ್ಲೇ: 2022ರ ದರದಂತೆ 150 ದಾಟಿ 350 ವರೆಗೆ ವರ್ಷಕ್ಕೆ 1,366 ರೂಪಾಯಿ, ದಾಟಿದರೆ 2,804. ಹೊಸ ಬೈಕಿಗೆ ಐದು ವರ್ಷದ್ದು ಒಟ್ಟಿಗೇ ಕಟ್ಟಬೇಕು. ಆಮೇಲೆ ಕರ್ನಾಟಕದ ರಸ್ತೆ ತೆರಿಗೆ. ಅದು ಬೆಲೆಯ ಮೇಲೆ ಬೀಳುವುದರಿಂದ ಬೈಕ್ ದುಬಾರಿಯಾದಷ್ಟೂ ಜಾಸ್ತಿ. ಸರ್ವಿಸ್‌ನಲ್ಲಿ ದೊಡ್ಡ ವ್ಯತ್ಯಾಸ ಟೈರ್ ಮತ್ತು ವಾಲ್ವ್ (ಎಂಜಿನ್‌ಗೆ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಕವಾಟ) ಕೆಲಸದ್ದು. ಒಂದು ಸಿಲಿಂಡರಿಗೆ ನಾಲ್ಕು ವಾಲ್ವ್. ನಾಲ್ಕು ಸಿಲಿಂಡರಿಗೆ ಹದಿನಾರು, ಅಲ್ಲಿಗೆ ಕೈ ಹೋಗಬೇಕಾದರೆ ಟ್ಯಾಂಕ್, ಏರ್ ಬಾಕ್ಸ್ ಎಲ್ಲ ಬಿಚ್ಚಬೇಕು. ಲೇಬರ್ ಅದಕ್ಕೇ ಜಾಸ್ತಿ.

ಹಾಗಂತ ದೊಡ್ಡದು ಬೇಡವೇ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸಕಲೇಶಪುರದ ಕಡೆಯ ಒಂದು ದಂಪತಿ ನಮ್ಮ ಕಸ್ಟಮರ್. ತೋಟದ ಕೆಲಸ ಮುಗಿಸಿ ಇಬ್ಬರೂ ಒಂದೇ ಬೈಕಿನಲ್ಲಿ, ಬ್ಯಾಗ್ ಕಟ್ಟಿಕೊಂಡು ಬೆಂಗಳೂರಿಗೆ ಬಂದು ಹೋಗುತ್ತಾರೆ. ಮೊದಲು ಅವರ ಹತ್ತಿರ ಮಿಡ್ ಸೈಜ್ ಇತ್ತು. ಇಬ್ಬರ ಭಾರ ಹೊತ್ತು ಲಾರಿ ದಾಟಬೇಕಾದಾಗಲೆಲ್ಲ ಎರಡು ಗೇರ್ ಇಳಿಸಿ ಎಂಜಿನ್ ಕಿರುಚಿಸಬೇಕಿತ್ತು, ಅಷ್ಟಾದರೂ ಎದುರಿನ ಲೇನಿನಲ್ಲಿ ಜಾಸ್ತಿ ಹೊತ್ತು ಕಳೆಯಬೇಕಿತ್ತು. ಅವರಿಗೆ 650 ಸರಿಯಾದ ಬೈಕ್. 15 ಲೀಟರ್ ಟ್ಯಾಂಕ್, ಮುಂದೆ ಎರಡು ಡಿಸ್ಕ್, ತೊಂಬತ್ತು ನೂರರಲ್ಲಿ ಎಂಜಿನ್ ಸುಸ್ತಾಗದೆ ಓಡುತ್ತದೆ. ಇನ್ನೊಂದು ವಿಷಯ: ನಿಂಜಾ 650ರ ಹ್ಯಾಂಡಲ್ ಎತ್ತರದಲ್ಲಿದೆ, ಬೆನ್ನು ನೆಟ್ಟಗೆ ಇರುತ್ತದೆ. ಹಳೆಯ ಆರ್‌ಸಿ 390ರ ಮೇಲೆ ಬಾಗಿ ಕೂರುವುದಕ್ಕಿಂತ ಇದು ಎಷ್ಟೋ ಆರಾಮು. ಎಂಜಿನ್ ಸೈಜಿಗೂ ಕೂರುವ ಭಂಗಿಗೂ ನೇರ ಸಂಬಂಧ ಇಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಯಲಹಂಕದ ಹುಡುಗನಿಗೆ ನಾನು ಕೇಳಿದ್ದು, ಹೈವೇ ಅಂದರೆ ನಿನಗೆ ಯಾವ ಹೈವೇ ಅಂತ. ಮೈಸೂರು ಅಂದ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವೇ ಇಲ್ಲ. 650 ಆದರೂ ಸ್ಕೂಟರ್ ಆದರೂ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಇನ್ನು ಭಾನುವಾರದ ನಂದಿ ಬೆಟ್ಟ. ಅಲ್ಲಿಯ ತಿರುವುಗಳಲ್ಲಿ ಎರಡನೇ ಗೇರ್ ಸಾಕು. ನಿಂಜಾ 650, ಆರ್‌ಎಸ್ 457 ಎರಡರ ಟೆಸ್ಟ್ ರೈಡೂ ಸಂಜೆ ಆರರ ಮೇಲೆ ಕೇಳು, ಖಾಲಿ ರಸ್ತೆಗೆ ಕರೆದುಕೊಂಡು ಹೋದರೆ ಬೇಡ ಅನ್ನು, ಹೆಬ್ಬಾಳದ ಕಡೆಗೇ ತಿರುಗಿಸು ಅಂದೆ. ಎಂಜಿನ್ ಆಫ್ ಮಾಡಿ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳಿ ನೋಡು ಅಂತಲೂ ಹೇಳಿದೆ. ಅವನು ಕೊನೆಗೆ 457 ತೆಗೆದುಕೊಂಡ. ಮೊದಲ ಸರ್ವಿಸ್‌ಗೆ ಬಂದಾಗ ಕೇಳಿದ್ದು ಕೊಯಮತ್ತೂರು ಟ್ರ್ಯಾಕ್‌ಗೆ ಹೋಗುವಾಗ ಟೈರ್ ಪ್ರೆಶರ್ ಎಷ್ಟಿರಬೇಕು ಅಂತ.

ಎಲ್ಲ ಯೋಚಿಸಿಯೂ 650ನೇ ಬೇಕು, ಬಜೆಟ್ ಮಾತ್ರ ಇಲ್ಲ ಅನ್ನುವವರು ಸೆಕೆಂಡ್ ಹ್ಯಾಂಡ್ ನೋಡುತ್ತಾರೆ. ಒಳ್ಳೆಯ ಬೈಕ್‌ಗಳು ಸಿಗುತ್ತವೆ. ಓಡೋಮೀಟರ್ ಕಡಿಮೆ ಇದೆ ಅಂತ ಸುಮ್ನೆ ಖುಷಿಪಡಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2320 ಅಂದರೆ 2020ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಗೆರೆ ಎಷ್ಟೇ ಆಳ ಇದ್ದರೂ ಬದಲಾಯಿಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ತಿಂಗಳುಗಟ್ಟಲೆ ನಿಂತಿದ್ದರೆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಸಿ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುವುದರಿಂದ ನೀರಿನಂಶ ಹೀರಿಕೊಳ್ಳುತ್ತದೆ. ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ ನೋಡಿ, ನೀವು ಬರುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಬಳಿಯ ಸಂದಿಯ ಅಳತೆ) ನೋಡಿಸಿದ ಬಿಲ್ ಕೇಳಿ, ಇಲ್ಲ ಅಂದರೆ ಕೊಂಡ ವಾರವೇ ಆ ಕೆಲಸ ಮಾಡಿಸಿ.